ಪಟ್ಟಣದ ಸೆರೆಯಾಳುಗಳು

1780ರ ಸೆಪ್ಟೆಂಬರ್ 10. ಕಾಂಚೀಪುರಕ್ಕೆ ಮೂರು ಹರದಾರಿ ದೂರದ ಪೊಲ್ಲಿಲೂರು. ಗುಂಟೂರಿನಿಂದ ಹೊರಟು ಬಂದಿದ್ದ ಕರ್ನಲ್ ವಿಲಿಯಂ ಬೈಲಿಯ ದಂಡು ಕಾಂಚೀಪುರದಲ್ಲಿ ಬೀಡುಬಿಟ್ಟಿದ್ದ ಸರ್ ಹೆಕ್ಟರ್ ಮನ್ರೋನ ಸೈನ್ಯವನ್ನು ಕೂಡಿಕೊಳ್ಳಬೇಕಿತ್ತು. ಹೈದರ್ ಅಲಿ ಮತ್ತು ಟಿಪ್ಪು ಅದಕ್ಕೆ ಆಸ್ಪದ ಕೊಡಲಿಲ್ಲ. ಮೈಸೂರಿನ ಬಾಣಗಳು ಹಾರಿದವು, ಈಸ್ಟ್ ಇಂಡಿಯಾ ಕಂಪನಿಯ ಮದ್ದಿನ ಬಂಡಿಗಳು ಸಿಡಿದವು, ಕುದುರೆ ದಂಡು ನುಗ್ಗಿತು. ಮಧ್ಯಾಹ್ನದ ಹೊತ್ತಿಗೆಲ್ಲ ಬೈಲಿಯ ಸುಮಾರು ನಾಲ್ಕು ಸಾವಿರ ಜನರ ಪಡೆ ನಿರ್ನಾಮವಾಗಿತ್ತು. ಮನ್ರೋ ತನ್ನ ಭಾರಿ ಫಿರಂಗಿಗಳನ್ನು ಕಾಂಚೀಪುರದ ಕೆರೆಗೆ ತಳ್ಳಿ ಮದ್ರಾಸಿನ ದಾರಿ ಹಿಡಿದ. ಬಕ್ಸಾರಿನ ಯುದ್ಧ ಗೆದ್ದ ಸೇನಾನಿಯೆಂದು ಹೆಸರಾಗಿದ್ದವನು ಅವನು!

ಹೆಣಗಳ ನಡುವೆ ಇನ್ನೂ ಉಸಿರಾಡುತ್ತ ಬಿದ್ದವರಲ್ಲಿ ಡೇವಿಡ್ ಬೇರ್ಡ್ ಎಂಬ ಇಪ್ಪತ್ತೆರಡರ ಸ್ಕಾಟಿಷ್ ಕ್ಯಾಪ್ಟನ್ ಒಬ್ಬ. ತಲೆಗೆ ಎರಡು ಕತ್ತಿಯೇಟು, ತೊಡೆಯಲ್ಲಿ ಗುಂಡು, ತೋಳಿಗೆ ಈಟಿಯ ತಿವಿತ. ಸೆರೆಸಿಕ್ಕ ಯುರೋಪಿಯನ್ನರು ಸುಮಾರು ಇನ್ನೂರು. ಹೈದರನ ಚಾಕರಿಯಲ್ಲಿದ್ದ ಫ್ರೆಂಚ್ ಅಧಿಕಾರಿಗಳು ಅಡ್ಡ ಬಾರದಿದ್ದರೆ ಅಷ್ಟು ಜನವೂ ಉಳಿಯುತ್ತಿರಲಿಲ್ಲ ಎಂದು ಬದುಕಿದವರೇ ಬರೆದಿದ್ದಾರೆ.

ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿದವರಿಗೆಲ್ಲ ಈ ಯುದ್ಧದ ಚಿತ್ರ ಪರಿಚಿತ. ಅರಮನೆಯ ಪಡುವಣ ಗೋಡೆಯ ತುಂಬ ಟಿಪ್ಪು ಬರೆಸಿದ ಪೊಲ್ಲಿಲೂರು ಇದೆ: ಪಲ್ಲಕ್ಕಿಯಲ್ಲಿ ಕೂತ ಗಾಯಾಳು ಬೈಲಿ, ಸುತ್ತ ಚೌಕಾಕಾರದಲ್ಲಿ ನಿಂತ ಕೆಂಪು ಅಂಗಿಯವರು, ಮೇಲೆ ಸಿಡಿಯುವ ಮದ್ದು. ಆ ಕೆಂಪು ಅಂಗಿಯವರಿಗೆ ಮುಂದೇನಾಯಿತು ಎಂಬುದನ್ನು ಮಾತ್ರ ಗೋಡೆ ಹೇಳುವುದಿಲ್ಲ.

ಅವರನ್ನು ಆರ್ಕಾಟಿನ ಸೀಮೆಯಿಂದ ಘಟ್ಟ ಹತ್ತಿಸಿ ಮೈಸೂರು ರಾಜ್ಯಕ್ಕೆ ನಡೆಸಿಕೊಂಡು ಬಂದರು. ಕೆಲವರು ಬೆಂಗಳೂರಿನ ಕೋಟೆಯಲ್ಲಿ ಉಳಿದರು, ಹಲವರು ಪಟ್ಟಣಕ್ಕೆ ಬಂದರು. ಪಟ್ಟಣವೆಂದರೆ ಆ ಕಾಲದ ಮೈಸೂರು ಸೀಮೆಯಲ್ಲಿ ಒಂದೇ, ಕಾವೇರಿ ಎರಡಾಗಿ ಸುತ್ತುವರಿದ ಶ್ರೀರಂಗಪಟ್ಟಣ.

ಇಲ್ಲಿ ಒಂದು ಸಂಗತಿ ನೆನಪಿಡಬೇಕು. ಆ ಕಾಲದ ಯುರೋಪಿನ ಯುದ್ಧಗಳಲ್ಲಿ ಸೆರೆಸಿಕ್ಕ ಅಧಿಕಾರಿ ಓಡಿಹೋಗುವುದಿಲ್ಲವೆಂದು ಮಾತು ಕೊಟ್ಟರೆ ಸಾಕು, ಊರೊಳಗೆ ಮನೆ ಹಿಡಿದು ಹಾಯಾಗಿ ಇರಬಹುದಿತ್ತು. ಕೆಲ ತಿಂಗಳಲ್ಲಿ ಅದಲುಬದಲಾಗಿ ಊರಿಗೆ ಮರಳುತ್ತಿದ್ದ. ಇದು ದೊಡ್ಡವರಿಗಷ್ಟೇ ಇದ್ದ ಸವಲತ್ತು. ಬೇರ್ಡ್ ಶ್ರೀರಂಗಪಟ್ಟಣದಲ್ಲಿದ್ದ ಅದೇ ವರ್ಷಗಳಲ್ಲಿ ನ್ಯೂಯಾರ್ಕಿನ ಬಂದರಿನಲ್ಲಿ ಬ್ರಿಟಿಷರು ಅಮೆರಿಕದ ಬಂಡಾಯಗಾರರನ್ನು ‘ಜೆರ್ಸಿ’ ಎಂಬ ಹಳೆಯ ಹಡಗಿನ ಹೊಟ್ಟೆಯಲ್ಲಿ ತುಂಬಿಟ್ಟಿದ್ದರು. ಆ ಬಂದರಿನ ಸೆರೆ ಹಡಗುಗಳಲ್ಲಿ ಸಾವಿರಾರು ಜನ ಕೊಳೆತು ಸತ್ತರು. ಆದ್ದರಿಂದ ಮೈಸೂರಿನ ಸೆರೆಯ ಬಗ್ಗೆ ಲಂಡನ್ನಿನಲ್ಲಿ ಎದ್ದ ಕೂಗನ್ನು ಸ್ವಲ್ಪ ತೂಗಿಯೇ ಕೇಳಬೇಕು. ಹಾಗೆಂದು ಪಟ್ಟಣದ ಸೆರೆ ಸುಖದ್ದಾಗಿರಲಿಲ್ಲ.

ಹೈದರನ ಲೆಕ್ಕವೇ ಬೇರೆ. 1769ರ ಒಪ್ಪಂದದಲ್ಲಿ ಕಷ್ಟಕಾಲಕ್ಕೆ ನೆರವಾಗುತ್ತೇವೆಂದು ಮಾತು ಕೊಟ್ಟಿದ್ದ ಕಂಪನಿ, ಮರಾಠರು ಅವನ ಮೇಲೆ ಬಿದ್ದಾಗ ಕೈಕಟ್ಟಿ ಕೂತಿತ್ತು. ಕಂಪನಿಯವರ ಮಾತಿಗೆ ಕವಡೆ ಕಿಮ್ಮತ್ತಿಲ್ಲವೆಂದು ಅವನು ತೀರ್ಮಾನಿಸಿಬಿಟ್ಟಿದ್ದ. ಅಂಥವರ ಅಧಿಕಾರಿಯ ಮಾತು ನಂಬಿ ಯಾರು ಬಿಡುತ್ತಾರೆ? ಅವನ ಪಾಲಿಗೆ ಸೆರೆಯಾಳು ಒಂದು ಆಸ್ತಿ. ಅಧಿಕಾರಿ ಸಂಧಾನದ ದಿನ ಬೆಲೆ ಬಾಳುತ್ತಾನೆ. ಕಮ್ಮಾರ, ಬಡಗಿ, ಫಿರಂಗಿ ಬಲ್ಲವನು ಇಂದೇ ಕೆಲಸಕ್ಕೆ ಬರುತ್ತಾನೆ. ಎಳೆಯ ಹುಡುಗನನ್ನು ತಿದ್ದಿ ತನ್ನವನನ್ನಾಗಿ ಮಾಡಿಕೊಳ್ಳಬಹುದು. ಪಟ್ಟಣದಲ್ಲಿ ಯಾರ ಪಾಡು ಹೇಗಾಯಿತು ಎಂಬುದನ್ನು ಅವರವರ ಧೈರ್ಯಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು ಈ ವಿಂಗಡಣೆ.

ಬೇರ್ಡ್ ಮೊದಲನೆಯ ಗುಂಪಿನವನು. ಅವನ ಜೊತೆಯಲ್ಲಿದ್ದ ಜಾನ್ ಲಿಂಡ್ಸೆ ಎಂಬ ಅಧಿಕಾರಿ ಮುಂದೆ ಆ ದಿನಗಳನ್ನು ಬರೆದಿಟ್ಟ. ಸೆರೆಮನೆಯೆಂದರೆ ಸುತ್ತ ಗೋಡೆ, ನಡುವೆ ತೆರೆದ ಅಂಗಳ, ಅಂಚಿಗೆ ಮೊಗಸಾಲೆಯಂಥ ಮಾಡು, ಬಾಗಿಲಲ್ಲಿ ಪಹರೆ. ದಿನದ ಖರ್ಚಿಗೆಂದು ಸರ್ಕಾರದಿಂದ ಒಂದಿಷ್ಟು ಪುಡಿಗಾಸು. ಅದರಲ್ಲೇ ಅಕ್ಕಿ, ತುಪ್ಪ, ಸೌದೆ, ಔಷಧಿ ಎಲ್ಲ ಆಗಬೇಕು. ಬಜಾರಿನಿಂದ ಸಾಮಾನು ತರುವವನು ತನ್ನ ಪಾಲನ್ನು ಮುರಿದುಕೊಂಡೇ ಕೊಡುತ್ತಿದ್ದ. ಬಂದಾಗ ಮೈಮೇಲಿದ್ದ ಬಟ್ಟೆಯೇ ಬಟ್ಟೆ, ಅದು ಹರಿದ ಮೇಲೆ ಒರಟು ಬಟ್ಟೆ ಕೊಂಡು ತಾವೇ ಹೊಲಿದುಕೊಳ್ಳಬೇಕು. ಸೂಜಿ ಹಿಡಿಯಲು ಬಂದ ಅಧಿಕಾರಿಗೆ ಅಲ್ಲಿ ಬಹಳ ಮರ್ಯಾದೆ.

ಕೆಲ ತಿಂಗಳ ಮೇಲೆ ಕಾಲಿಗೆ ಬೇಡಿ ಬಂತು. ಒಂದು ಜೊತೆ ಬೇಡಿ ಒಂಬತ್ತು ಪೌಂಡ್, ಅಂದರೆ ಸುಮಾರು ನಾಲ್ಕು ಕಿಲೋ. ಬೇರ್ಡ್‌ನ ತೊಡೆಯ ಗಾಯ ಆಗಿನ್ನೂ ಮಾಯ್ದಿರಲಿಲ್ಲ. ಕಮ್ಮಾರ ಅವನ ಬಳಿಗೆ ಬಂದಾಗ, ಈ ಸ್ಥಿತಿಯಲ್ಲಿ ಬೇಡಿ ಹಾಕಿದರೆ ಸಾಯುತ್ತಾನೆ ಎಂದು ಕ್ಯಾಪ್ಟನ್ ಲ್ಯೂಕಸ್ ಎಂಬ ಸಂಗಾತಿ ಅಡ್ಡ ನಿಂತ. ಇಷ್ಟು ಜನಕ್ಕೆ ಇಷ್ಟು ಬೇಡಿಯೆಂದು ಎಣಿಸಿ ಕಳಿಸಿದ್ದಾರೆ, ಅಷ್ಟನ್ನೂ ಹಾಕಲೇಬೇಕು ಎಂದನಂತೆ ಪಹರೆಯ ಅಧಿಕಾರಿ. ಹಾಗಿದ್ದರೆ ಅವನದೂ ನನ್ನ ಕಾಲಿಗೇ ಇರಲಿ ಎಂದ ಲ್ಯೂಕಸ್. ಎದುರಿಗಿದ್ದವನೂ ಮನುಷ್ಯನೇ, ಮನಸ್ಸು ಕರಗಿತು. ಗಾಯ ಮಾಯುವವರೆಗೆ ಬೇರ್ಡ್‌ಗೆ ವಿನಾಯಿತಿ ಸಿಕ್ಕಿತು. ಲ್ಯೂಕಸ್ ಮಾತ್ರ ಬಿಡುಗಡೆಯ ದಿನ ನೋಡಲಿಲ್ಲ, ಪಟ್ಟಣದಲ್ಲೇ ತೀರಿಕೊಂಡ.

ಬೇರ್ಡ್ ಎತ್ತರದ, ಮೂಗಿನ ತುದಿಯಲ್ಲೇ ಕೋಪವಿರುವ ಆಸಾಮಿ. ಸೆರೆಯಾಳುಗಳನ್ನು ಇಬ್ಬಿಬ್ಬರನ್ನಾಗಿ ಸರಪಳಿಯಲ್ಲಿ ಬಿಗಿದಿದ್ದಾರೆಂಬ ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿದಾಗ ಅವನ ತಾಯಿ ಮಗನಿಗಾಗಿ ಮರುಗಲಿಲ್ಲವಂತೆ. ನಮ್ಮ ಡೇವಿಯ ಜೊತೆ ಕಟ್ಟಿಸಿಕೊಂಡ ಆ ಪಾಪದವನನ್ನು ದೇವರೇ ಕಾಪಾಡಬೇಕು ಎಂದಳಂತೆ.

ಕೊಂದದ್ದು ಕತ್ತಿಗಿಂತ ಹೊಟ್ಟೆ. ಆಮಶಂಕೆ, ರಕ್ತಭೇದಿ, ಜ್ವರ, ಬೇಡಿ ಉಜ್ಜಿ ಕೀವಾದ ಕಾಲು. ಜೊತೆಯಲ್ಲಿ ಸೆರೆಸಿಕ್ಕಿದ್ದ ವೈದ್ಯರಿದ್ದರೂ ಔಷಧಿಯಿರಲಿಲ್ಲ. ಬೈಲಿ 1782ರ ನವೆಂಬರ್ 13ರಂದು ಪಟ್ಟಣದಲ್ಲೇ ಸತ್ತ. ತಿಂಗಳು ತುಂಬುವುದರೊಳಗೆ, ಡಿಸೆಂಬರ್ 7ರಂದು, ಅವನನ್ನು ಸೆರೆಹಿಡಿಸಿದ್ದ ಹೈದರನೂ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಬೆನ್ನುಹುಣ್ಣಿನಿಂದ ತೀರಿಕೊಂಡ. ಸೆರೆಮನೆಗಳಲ್ಲಿ ಆಸೆ ಚಿಗುರಿತು, ಹೊಸ ದೊರೆ ಬಿಟ್ಟಾನೆಂದು. ಬಿಡಲಿಲ್ಲ.

ಹೊರಗಿನ ಸುದ್ದಿಗೆ ಅವರು ಬಾಯಿಬಿಡುತ್ತಿದ್ದರು. ಒಂದು ಸೆರೆಮನೆಯಿಂದ ಇನ್ನೊಂದಕ್ಕೆ ಚೀಟಿಗಳು ಕಳ್ಳದಾರಿಯಲ್ಲಿ ಓಡಾಡುತ್ತಿದ್ದವು. ಕ್ರಾಮ್‌ವೆಲ್ ಮ್ಯಾಸಿ ಎಂಬ ಅಧಿಕಾರಿ ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕ ಪುಸ್ತಕದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ದಿನಚರಿ ಬರೆದ. ಪಹರೆಯವರ ಕಣ್ಣಿಗೆ ಬೀಳದಂತೆ ಅದನ್ನು ಬಚ್ಚಿಟ್ಟುಕೊಂಡು ಹೊರಗೂ ತಂದ. ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿ ಅದು ಈಗಲೂ ಇದೆ.

ಹುಡುಗರ ಕಥೆ ಬೇರೆಯೇ ದಾರಿ ಹಿಡಿಯಿತು.

ಜೇಮ್ಸ್ ಸ್ಕರಿ ಸೈನಿಕನೂ ಅಲ್ಲ, ಡೆವನ್ ಪ್ರಾಂತ್ಯದಿಂದ ಬಂದಿದ್ದ ಹಡಗಿನ ಹುಡುಗ. 1782ರ ಜನವರಿಯಲ್ಲಿ ಅವನಿದ್ದ ‘ಹ್ಯಾನಿಬಲ್’ ಹಡಗು ಫ್ರೆಂಚರ ಕೈಗೆ ಸಿಕ್ಕಿತು. ಫ್ರೆಂಚ್ ನೌಕಾಧಿಪತಿ ಸುಫ್ರೆನ್‌ಗೆ ಹಿಡಿದ ನೂರಾರು ಜನರನ್ನು ಸಾಕುವ ಶಕ್ತಿಯಿರಲಿಲ್ಲ. ಮದ್ರಾಸಿನವರ ಜೊತೆ ಅದಲುಬದಲಿನ ಮಾತು ಕುದುರಲಿಲ್ಲ. ಕೊನೆಗೆ ಅವರನ್ನು ಕಡಲೂರಿನಲ್ಲಿ ಹೈದರನಿಗೆ ಒಪ್ಪಿಸಿ ಕೈತೊಳೆದುಕೊಂಡ. ಒಬ್ಬ ಕ್ರೈಸ್ತ ಸೇನಾನಿ ಹೀಗೆ ಮಾಡಬಹುದೇ ಎಂದು ಇಂಗ್ಲಿಷರು ಅವನನ್ನು ಬಹುಕಾಲ ಶಪಿಸಿದರು.

ಬೆಂಗಳೂರಿಗೆ ಬಂದ ಗುಂಪಿನಲ್ಲಿ ಎಳೆಯರನ್ನು ಆರಿಸಿ ಪಟ್ಟಣಕ್ಕೆ ಕಳಿಸಿದರು. ಊಟ ಒಳ್ಳೆಯದಾಯಿತು, ಆಟಕ್ಕೆ ಬಿಟ್ಟರು. ಹೀಗೇಕೆಂದು ಹುಡುಗರಿಗೆ ಅನುಮಾನ. ಒಂದು ದಿನ ಕ್ಷೌರಿಕರು ಬಂದು ತಲೆ ಬೋಳಿಸಿದರು. ಮಜೂಮ್ ಎಂಬ ಭಂಗಿಯ ಲೇಹ್ಯ ತಿನ್ನಿಸಿ ಮಂಕು ಕವಿಸಿ ಮುಂಜಿ ಮಾಡಿದರು. ಸ್ಕರಿ ಎದ್ದದ್ದು ಶಂಶೇರ್ ಖಾನ್ ಆಗಿ. ಇವರನ್ನು ‘ಚೇಲಾ’ ಪಡೆಗೆ ಸೇರಿಸಲಾಯಿತು. ಚೇಲಾ ಎಂದರೆ ಶಿಷ್ಯ. ದೊರೆಯನ್ನು ಬಿಟ್ಟು ಹಿಂದುಮುಂದಿಲ್ಲದ ದಾಸ ಸೈನಿಕರಿಗೆ ಇಟ್ಟಿದ್ದ ಹೆಸರು ಅದು. ಕವಾಯತು ಕಲಿಸಿದರು, ಪುಡಿಗಾಸು ಸಂಬಳ ಕೊಟ್ಟರು. ಕೆಲ ಹುಡುಗರಿಗೆ ಲಂಗ ತೊಡಿಸಿ ನಾಚು ಕಲಿಸಿದ್ದೂ ಉಂಟು. ಮುಂದೆ ಸ್ಕರಿಗೆ ಮದುವೆಯೂ ಆಯಿತು. ಹೆಂಡತಿಯಾಗಿ ಬಂದವಳು ಆರ್ಕಾಟಿನ ಸೀಮೆಯಿಂದ ಮೈಸೂರಿನ ದಂಡು ಹಿಡಿದು ತಂದಿದ್ದ ಹುಡುಗಿ. ಇಬ್ಬರೂ ಸೆರೆಯಾಳುಗಳೇ. ಅವಳ ಮೇಲೆ ತನಗಿದ್ದ ಅಕ್ಕರೆಯನ್ನು ಸ್ಕರಿ ಮುಚ್ಚಿಟ್ಟಿಲ್ಲ.

ಈ ನಡುವೆ ಮಲೆನಾಡಿನಿಂದ ಇನ್ನೊಂದು ಹಿಂಡು ಬಂತು. 1783ರ ಮೊದಲಲ್ಲಿ ಬೊಂಬಾಯಿಯ ದಂಡಿನ ಜನರಲ್ ರಿಚರ್ಡ್ ಮ್ಯಾಥ್ಯೂಸ್ ಕರಾವಳಿಯಲ್ಲಿ ಇಳಿದು ಘಟ್ಟ ಹತ್ತಿ ಬಿದನೂರನ್ನು ಹಿಡಿದಿದ್ದ. ಕೆಳದಿ ಅರಸರ ಆ ಹಳೆಯ ರಾಜಧಾನಿಗೆ ಹೈದರ್ ತನ್ನ ಹೆಸರನ್ನೇ ಇಟ್ಟಿದ್ದ. ಅದರ ಬಾಲ ಈಗಿನ ‘ನಗರ’ದಲ್ಲಿ ಉಳಿದಿದೆ. ಟಿಪ್ಪು ಸಿಡಿಲಿನಂತೆ ಬಂದು ಮುತ್ತಿದ. ಏಪ್ರಿಲ್ ಕೊನೆಯ ಹೊತ್ತಿಗೆ ಮ್ಯಾಥ್ಯೂಸ್ ಶರಣಾಗತಿಯ ಷರತ್ತಿಗೆ ಬಂದ: ಜೀವದಾನ ಸಿಗಬೇಕು, ಬದಲಿಗೆ ಕೋಟೆಯ ಖಜಾನೆ ಹಾಗೇ ಒಪ್ಪಿಸಬೇಕು. ಟಿಪ್ಪು ಒಳಗೆ ಹೋಗಿ ನೋಡಿದರೆ ಖಜಾನೆ ಖಾಲಿ. ವರಹಗಳನ್ನು ಅಧಿಕಾರಿಗಳು ಹಿಂದಿನ ದಿನವೇ ಹಂಚಿಕೊಂಡಿದ್ದರು! ಬಟ್ಟೆ ಬಿಚ್ಚಿಸಿ ಶೋಧಿಸಿದಾಗ ನಾಣ್ಯ ಉದುರಿದವು. ಷರತ್ತು ಮುರಿದವರು ಅವರೇ ಎಂದು ಟಿಪ್ಪು ಎಲ್ಲರಿಗೂ ಬೇಡಿ ಹಾಕಿಸಿದ. ದುರಾಸೆಗೆ ಇಷ್ಟು ದುಬಾರಿ ಬೆಲೆ ತೆತ್ತ ದಂಡು ಆ ಯುದ್ಧದಲ್ಲಿ ಇನ್ನೊಂದಿಲ್ಲ.

ಮ್ಯಾಥ್ಯೂಸ್ ಅದೇ ವರ್ಷ ಪಟ್ಟಣದ ಸೆರೆಯಲ್ಲಿ ಸತ್ತ. ವಿಷವಿಕ್ಕಿದರೆಂದು ಇಂಗ್ಲಿಷರ ಬರಹಗಳೆಲ್ಲ ಒಂದೇ ಬಾಯಲ್ಲಿ ಹೇಳುತ್ತವೆ. ಅವನು ಊಟದ ತಟ್ಟೆಯ ಮೇಲೆ ಗೀಚಿಟ್ಟ ಮಾತುಗಳು ತಮ್ಮ ಕೈಗೆ ಸಿಕ್ಕವು ಎಂದು ಸ್ಕರಿ ಬರೆದುಕೊಂಡಿದ್ದಾನೆ. ಉಳಿದ ಅಧಿಕಾರಿಗಳು ಚದುರಿದರು. ಮೈಸೂರು ಸೀಮೆಯ ಗಿರಿದುರ್ಗಗಳು ಸೆರೆಮನೆಗಳಾಗಿ ಎರಡೆರಡು ಕೆಲಸ ಮಾಡುತ್ತಿದ್ದ ಕಾಲ ಅದು. ಚಿತ್ರದುರ್ಗ, ಕವಲೇದುರ್ಗ, ಹುಲಿಯೂರುದುರ್ಗ, ಎಲ್ಲಕ್ಕಿಂತ ಹೆಚ್ಚಾಗಿ ಕಬ್ಬಾಳದುರ್ಗ. ಕನಕಪುರದ ಕಡೆಯ ಆ ಬೋಳು ಬಂಡೆಯ ಮೇಲೆ ಕಳಿಸಿದವರು ಇಳಿದು ಬರುವುದಿಲ್ಲವೆಂಬ ಮಾತು ಜನರ ಬಾಯಲ್ಲೇ ಇತ್ತು.

ಇಷ್ಟು ಹೊತ್ತೂ ಹೇಳಿದ್ದು ಬಿಳಿಯರ ಕಥೆ. ಪೊಲ್ಲಿಲೂರಿನಲ್ಲಿ ಬೈಲಿಯ ದಂಡಿನ ಬಹುಪಾಲು ಜನ ತಮಿಳು, ತೆಲುಗು ನಾಡಿನ ಸಿಪಾಯಿಗಳು. ಸೆರೆಸಿಕ್ಕವರಲ್ಲೂ ಅವರ ಸಂಖ್ಯೆ ದೊಡ್ಡದು. ಅವರ ಕೈಯಲ್ಲಿ ಬರವಣಿಗೆಯಿರಲಿಲ್ಲ, ಅಚ್ಚು ಹಾಕಿಸುವವರಂತೂ ಇರಲೇ ಇಲ್ಲ. ಮೈಸೂರಿನ ದಂಡಿಗೆ ಸೇರಿದರೆ ಸಂಬಳ, ಇಲ್ಲದಿದ್ದರೆ ಮಣ್ಣು ಹೊರುವ ಕೂಲಿ. ಅವರ ಮುಂದಿದ್ದ ಆಯ್ಕೆ ಇಷ್ಟೇ. ಸೇರಿದವರು ಬಹಳ ಜನ. ಸೇರದವರೂ ಕಡಿಮೆಯಿರಲಿಲ್ಲ. 1784ರಲ್ಲಿ ಬಿಡುಗಡೆಯಾಗಿ ಮದ್ರಾಸಿಗೆ ನಡೆಯುವಾಗ ಸಿಪಾಯಿಗಳನ್ನೂ ಯುರೋಪಿಯನ್ ಅಧಿಕಾರಿಗಳನ್ನೂ ರಾತ್ರಿ ಬೇರೆಬೇರೆ ಇಡುತ್ತಿದ್ದರು. ಪಹರೆ ತಪ್ಪಿಸಿ, ನಡುವಿನ ಕೆರೆ ಈಜಿ, ತಾವು ಕೂಲಿ ಮಾಡಿ ಕೂಡಿಟ್ಟ ಕಾಸನ್ನು ಅಧಿಕಾರಿಗಳ ಕೈಗೆ ಹಾಕಿ ಬಂದ ಸಿಪಾಯಿಗಳಿದ್ದರು. ನಮಗೆ ಏನು ಸಿಕ್ಕರೂ ನಡೆಯುತ್ತದೆ, ನಿಮಗೆ ಮಾಂಸವಿಲ್ಲದೆ ಆಗುವುದಿಲ್ಲ ಎಂಬುದು ಅವರ ವಾದ. ಇದನ್ನು ಬರೆದವನು ಸರ್ ಜಾನ್ ಮಾಲ್ಕಮ್. ಸಿಪಾಯಿಗಳ ನಿಷ್ಠೆಯನ್ನು ಹೊಗಳುವ ಲೇಖನಕ್ಕೆಂದು ಬರೆದದ್ದು, ಆದ್ದರಿಂದ ಬಣ್ಣ ಸ್ವಲ್ಪ ಹೆಚ್ಚಿದ್ದೀತು.

ಅದೇ ಮಾಲ್ಕಮ್ ಹೇಳುವ ಇನ್ನೊಬ್ಬ ಸೆರೆಯಾಳು ಸೈಯದ್ ಇಬ್ರಾಹಿಂ. ತಂಜಾವೂರು ಅಶ್ವದಳದ ನಾಯಕ. 1781ರಲ್ಲಿ ಸೆರೆಸಿಕ್ಕ. ತನ್ನ ಧರ್ಮದವನು, ಯುದ್ಧ ಬಲ್ಲವನು ಎಂದು ಟಿಪ್ಪು ಅವನಿಗೆ ದೊಡ್ಡ ಹುದ್ದೆಯ ಆಸೆ ತೋರಿಸಿದ, ಒಂದಲ್ಲ ಹಲವು ಸಲ. ಇಬ್ರಾಹಿಂ ಒಪ್ಪಲಿಲ್ಲ. ತೀರ್ಥಹಳ್ಳಿಯ ಹತ್ತಿರದ ಕವಲೇದುರ್ಗದಲ್ಲಿ, ಮಲೆನಾಡಿನ ಮಳೆಯ ಥಂಡಿ ಹಿಡಿದ ಸೆರೆಯಲ್ಲಿ ಸತ್ತ. ಅವನ ಸೆರೆಯಲ್ಲಿ ಪಾಲುಗೊಳ್ಳಲೆಂದು ಮನೆಬಿಟ್ಟು ಬಂದ ತಂಗಿಯೊಬ್ಬಳಿದ್ದಳು. ಅಣ್ಣ ಹೋದ ಮೇಲೂ ಈ ಸೀಮೆಯಲ್ಲೇ ಉಳಿದಳು. 1799ರಲ್ಲಿ ಪಟ್ಟಣ ಬಿದ್ದ ದಿನ ನುಗ್ಗಿದವರ ನಡುವೆ ಸಿಕ್ಕಿ ಗಾಯಗೊಂಡಳು. ಆಮೇಲೆ ಮದ್ರಾಸ್ ಸರ್ಕಾರ ಅವಳಿಗೆ ಸುಮಾರು 52 ವರಹದ ಮಾಸಾಶನ ಗೊತ್ತುಮಾಡಿ, ಕವಲೇದುರ್ಗದಲ್ಲಿ ಇಬ್ರಾಹಿಂನಿಗೆ ಗೋರಿ ಕಟ್ಟಿಸಿ, ಅದರ ದೀಪಕ್ಕೂ ನೋಡಿಕೊಳ್ಳುವ ಫಕೀರನಿಗೂ ವ್ಯವಸ್ಥೆ ಮಾಡಲು ಆಜ್ಞೆ ಹೊರಡಿಸಿತು. ಕಂಪನಿಗೆ ತನ್ನ ಉಳಿದ ಸಿಪಾಯಿಗಳ ಕಣ್ಣಿಗೆ ಇದು ಬೀಳಬೇಕಿತ್ತು, ನಿಜ. ಆದರೂ ಆ ಹೆಣ್ಣುಮಗಳ ಹೆಸರನ್ನು ಬರೆಯುವಷ್ಟು ವ್ಯವಧಾನ ಯಾರಿಗೂ ಇದ್ದಂತಿಲ್ಲ.

1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಒಪ್ಪಂದವಾಯಿತು. ಎರಡೂ ಕಡೆಯ ಸೆರೆಯಾಳುಗಳನ್ನು ಬಿಡಬೇಕೆಂಬುದು ಅದರ ಮುಖ್ಯ ಮಾತುಗಳಲ್ಲೊಂದು. ಪಟ್ಟಣದಲ್ಲಿ ಕಮ್ಮಾರರು ಬಂದು ಬೇಡಿ ಕಡಿದರು. ವರ್ಷಗಟ್ಟಲೆ ಗೇಣುದ್ದದ ಹೆಜ್ಜೆಯಿಟ್ಟು ಅಭ್ಯಾಸವಾಗಿದ್ದ ಕಾಲುಗಳು ಬೇಡಿಯಿಲ್ಲದೆ ನಡೆಯಲು ತಡವರಿಸಿದವು. ಸಾವಿರಕ್ಕೂ ಹೆಚ್ಚು ಯುರೋಪಿಯನ್ನರು, ಅದಕ್ಕೂ ಹೆಚ್ಚು ಸಿಪಾಯಿಗಳು ಹೊರಬಂದರು. ಬೇರ್ಡ್ ಅವರಲ್ಲೊಬ್ಬ. ಆದರೆ ಚೇಲಾ ಪಡೆಯ ಹುಡುಗರನ್ನು ಬಿಡಲಿಲ್ಲ. ಅವರೀಗ ಸೆರೆಯಾಳುಗಳಲ್ಲ, ಸುಲ್ತಾನನ ಪ್ರಜೆಗಳು ಎಂಬುದು ಟಿಪ್ಪುವಿನ ನಿಲುವು. ಕಂಪನಿಯೂ ಬಹಳ ಒತ್ತಾಯಿಸಲಿಲ್ಲ. ಮುಂಜಿಯಾದ ನಾವಿಕ ಹುಡುಗರಿಗಾಗಿ ಆಗಷ್ಟೇ ಕೂಡಿದ ಸಂಧಾನವನ್ನು ಮುರಿಯಲು ಯಾರು ತಯಾರಿದ್ದರು?

ಸ್ಕರಿ ಮತ್ತೂ ಏಳು ವರ್ಷ ಉಳಿದ. ಮೂರನೆಯ ಮೈಸೂರು ಯುದ್ಧದ ಗದ್ದಲದಲ್ಲಿ, 1791ರಲ್ಲಿ, ಚಿತ್ರದುರ್ಗದ ಕಡೆಯಿಂದ ಕೆಲ ಸಂಗಾತಿಗಳೊಡನೆ ಓಡಿ ಮರಾಠರ ಪಾಳೆಯ ಸೇರಿಕೊಂಡ. ಅಲ್ಲಿ ಬೊಂಬಾಯಿ ದಂಡಿನ ಇಂಗ್ಲಿಷರು ಸಿಕ್ಕರು. ಕಟ್ಟಿಕೊಂಡವಳನ್ನು ಹಿಂದೆಯೇ ಬಿಟ್ಟು ಬರಬೇಕಾಯಿತು. ಊರು ಮುಟ್ಟಿದಾಗ ಅವನಿಗೆ ಕುರ್ಚಿಯ ಮೇಲೆ ಕೂರಲು ಬರುತ್ತಿರಲಿಲ್ಲ. ಚಾಕು ಫೋರ್ಕು ಹಿಡಿಯಲು ಬರುತ್ತಿರಲಿಲ್ಲ. ಇಂಗ್ಲಿಷು ಅವನ ನಾಲಗೆಯ ಮೇಲೆ ಮುರಿದು ಬರುತ್ತಿತ್ತು. ಬಿಸಿಲಿಗೆ ಮೈ ಕಪ್ಪಾಗಿತ್ತು, ಬಿಗಿಯಾದ ಯುರೋಪಿಯನ್ ಉಡುಪು ಚುಚ್ಚುತ್ತಿತ್ತು. ಅವನು ಸತ್ತದ್ದು 1822ರಲ್ಲಿ, ಪುಸ್ತಕ ಅಚ್ಚಾದದ್ದು 1824ರಲ್ಲಿ. ಜೇಮ್ಸ್ ಬ್ರಿಸ್ಟೋ ಎಂಬ ಫಿರಂಗಿ ದಳದ ಸಾಮಾನ್ಯ ಸೈನಿಕನೊಬ್ಬ ಅವನಿಗಿಂತ ಮೊದಲೇ ಇಂಥದೇ ಕಥೆ ಬರೆದು 1790ರ ದಶಕದಲ್ಲಿ ಪ್ರಕಟಿಸಿದ್ದ.

ಈ ಪುಸ್ತಕಗಳನ್ನು ಓದುವಾಗ ಎಚ್ಚರ ಬೇಕು. ಟಿಪ್ಪುವನ್ನು ರಾಕ್ಷಸನೆಂದು ತೋರಿಸುವುದು ಕಂಪನಿಗೆ ಅನುಕೂಲವಾಗಿತ್ತು, ಅಂಥ ಪುಸ್ತಕ ಚೆನ್ನಾಗಿ ಮಾರಾಟವಾಗುತ್ತಲೂ ಇತ್ತು. ಅಷ್ಟಕ್ಕೇ ಎಲ್ಲವನ್ನೂ ಕಟ್ಟುಕಥೆಯೆಂದು ತಳ್ಳಿಹಾಕಲೂ ಆಗದು. ಬೇರೆಬೇರೆ ಸೆರೆಮನೆಗಳಲ್ಲಿದ್ದವರು, ಒಬ್ಬರನ್ನೊಬ್ಬರು ನೋಡದವರು, ಬೇಡಿಯ ಬಗ್ಗೆ, ಮುಂಜಿಯ ಬಗ್ಗೆ, ಅಕ್ಕಿಯ ಬಗ್ಗೆ ಒಂದೇ ಬಗೆಯ ಮಾತು ಹೇಳುತ್ತಾರೆ. ಪಟ್ಟಣಕ್ಕೆ ಆಗ ಬಂದ ಸೆರೆಯಾಳುಗಳು ಬಿಳಿಯರಷ್ಟೇ ಅಲ್ಲ ಎಂಬುದಕ್ಕೂ ಅವರೇ ಸಾಕ್ಷಿ. ಕೊಡಗಿನಿಂದ ಹಿಡಿದು ತಂದವರಿದ್ದರು. 1784ರಲ್ಲಿ ಕೆನರಾದ ಕ್ರೈಸ್ತರನ್ನು, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಊರಿಗೂರೇ ಎಬ್ಬಿಸಿ ಘಟ್ಟ ಹತ್ತಿಸಿದ್ದರು. ಅವರು 30,000 ಎನ್ನುತ್ತಾನೆ ಸ್ಕರಿ. ಪಟ್ಟಣದಿಂದ ಮರಳಿದ ಬಾರ್ಕೂರಿನ ಕ್ರೈಸ್ತನೊಬ್ಬ ಕನ್ನಡದಲ್ಲೇ ಬರೆದಿಟ್ಟ ಹಸ್ತಪ್ರತಿ 60,000 ಎನ್ನುತ್ತದೆ. ಎರಡರ ನಡುವಿನ ಅಂತರ ದೊಡ್ಡದು. ಲಂಡನ್ನಿನ ಪ್ರಕಾಶಕರಿಗಾಗಿ ಬರೆಯದ, ನಮ್ಮದೇ ನುಡಿಯ ಆ ಸೆರೆಯ ದಾಖಲೆಯನ್ನು ಕನ್ನಡದ ಓದುಗರು ಸ್ಕರಿಯಷ್ಟೂ ಬಲ್ಲವರಲ್ಲ ಎಂಬುದು ಸೋಜಿಗ.

ಸೆರೆಯ ಚಕ್ರ ಮುಂದೆ ತಿರುಗಿತು. 1792ರಲ್ಲಿ ಸೋತ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಒಪ್ಪಿಕೊಂಡ. ಹಣ ತೀರುವವರೆಗೆ ಒತ್ತೆಯಾಗಿ ತನ್ನ ಇಬ್ಬರು ಎಳೆಯ ಮಕ್ಕಳನ್ನು ಕಾರ್ನ್‌ವಾಲಿಸನ ಕೈಗೆ ಕೊಟ್ಟ. ಮದ್ರಾಸಿನಲ್ಲಿ ಮಕ್ಕಳನ್ನು ಮರ್ಯಾದೆಯಿಂದಲೇ ನೋಡಿಕೊಂಡರು. ಚಿತ್ರಕಾರರು ಆ ಒಪ್ಪಿಸುವ ದೃಶ್ಯವನ್ನು ಮತ್ತೆ ಮತ್ತೆ ಬರೆದು ಮಾರಿದರು. 1794ರಲ್ಲಿ ಅವರು ತಂದೆಯ ಬಳಿಗೆ ಮರಳಿದರು.

ಕೊನೆಯ ಯುದ್ಧದಲ್ಲಿ ಬೇರ್ಡ್ ಮತ್ತೆ ಪಟ್ಟಣದೆದುರು ನಿಂತ, ಈ ಸಲ ಮೇಜರ್ ಜನರಲ್ ಆಗಿ. ಮುತ್ತಿಗೆಯ ದಿನಗಳಲ್ಲಿ ಸುಲ್ತಾನಪೇಟೆಯ ತೋಪಿನಲ್ಲಿ ಕತ್ತಲ ಕಾಳಗದಲ್ಲಿ ಸಿಕ್ಕಿಬಿದ್ದ ಕೆಲವು ಗ್ರೆನೇಡಿಯರ್‌ಗಳನ್ನು ಕೋಟೆಯೊಳಗೆ ಜಟ್ಟಿಗಳಿಂದ ಕೊಲ್ಲಿಸಲಾಯಿತೆಂದು ಇಂಗ್ಲಿಷರ ವರದಿಗಳು ಹೇಳುತ್ತವೆ. ದಸರೆಯಲ್ಲಿ ವಜ್ರಮುಷ್ಟಿ ಆಡುವ ಅದೇ ಜಟ್ಟಿಗಳ ಮನೆತನಗಳಿಗೆ ಆಗ ಆ ಕೆಲಸವೂ ಇತ್ತು. 1799ರ ಮೇ 4ರ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ತಾನೇ ಕೇಳಿ ಪಡೆದ ಜವಾಬ್ದಾರಿಯ ಮೇಲೆ, ಬೇರ್ಡ್ ಕಂದಕದಿಂದ ಮೇಲೆದ್ದು ಕತ್ತಿ ಹಿರಿದು ದಂಡನ್ನು ಕಾವೇರಿಗೆ ಇಳಿಸಿದ. ಸಂಜೆ ಅರಮನೆಯಿಂದ ಹೊರಬಂದ ಟಿಪ್ಪುವಿನ ಮಕ್ಕಳಿಗೆ ಜೀವದ ಅಭಯ ಕೊಟ್ಟವನೂ ಅವನೇ. ರಾತ್ರಿ ದೀವಟಿಗೆ ಹಿಡಿದು ಕೋಟೆ ಬಾಗಿಲ ಹೆಣಗಳ ರಾಶಿಯಲ್ಲಿ ಸುಲ್ತಾನನನ್ನು ಹುಡುಕಿ ತೆಗೆಯಲಾಯಿತು.

ಕೋಟೆಯ ಆಡಳಿತ ತನಗೇ ಸಿಗುತ್ತದೆಂದು ಬೇರ್ಡ್ ನಂಬಿದ್ದ. ಅದು ಹೋದದ್ದು ಅವನಿಗಿಂತ ಕೆಳಗಿನ ಅಧಿಕಾರಿ ಆರ್ಥರ್ ವೆಲ್ಲೆಸ್ಲಿಗೆ, ಗವರ್ನರ್ ಜನರಲ್‌ನ ತಮ್ಮನಿಗೆ. ಬೇರ್ಡ್ ಕೆಂಡವಾಗಿ ಪತ್ರ ಬರೆದ, ಪ್ರಯೋಜನವಾಗಲಿಲ್ಲ. ಇಷ್ಟು ವರ್ಷ ಆ ಊರಿನ ಸೆರೆಯಲ್ಲಿದ್ದವನಿಗೆ ಊರಿನವರ ಮೇಲೆ ಒಳಗೊಳಗೇ ಹಗೆ ಇದ್ದೀತು ಎಂಬ ಅಳುಕು ಮೇಲಿನವರಿಗೆ ಇದ್ದಿರಬಹುದು. ಟಿಪ್ಪುವಿನ ಮಕ್ಕಳೂ ಪರಿವಾರವೂ ವೆಲ್ಲೂರಿನ ಕೋಟೆಗೆ ಹೋದರು. 1806ರ ಜುಲೈ 10ರಂದು ಅಲ್ಲಿನ ಸಿಪಾಯಿಗಳು ದಂಗೆಯೆದ್ದು ಮೈಸೂರಿನ ಬಾವುಟ ಏರಿಸಿದ ಮೇಲೆ ಅವರನ್ನು ಇನ್ನೂ ದೂರಕ್ಕೆ, ಕಲ್ಕತ್ತೆಗೆ ಸಾಗಿಸಲಾಯಿತು.

ಪಟ್ಟಣದಲ್ಲಿ ಬೈಲಿಗೊಂದು ಸ್ಮಾರಕವಿದೆ, ಗುಂಬಜ್‌ನ ಹತ್ತಿರ. 1816ರಲ್ಲಿ ಅವನ ಸೋದರ ಸಂಬಂಧಿಯೊಬ್ಬ ಕಟ್ಟಿಸಿದ್ದು. ಬೇರ್ಡ್‌ಗೆ ಸಿಕ್ಕಿದ್ದು ಚಿತ್ರ. ಅವನ ಹೆಂಡತಿ ಡೇವಿಡ್ ವಿಲ್ಕಿಗೆ ಹೇಳಿ ಬರೆಸಿದ ಆ ಭಾರಿ ವರ್ಣಚಿತ್ರ 1839ರಲ್ಲಿ ಮುಗಿಯಿತು. ಬೇರ್ಡ್ ದೀವಟಿಗೆಯ ಬೆಳಕಿನಲ್ಲಿ ಟಿಪ್ಪುವಿನ ಹೆಣದ ಮೇಲ್ಗಡೆ ನಿಂತಿದ್ದಾನೆ, ಅವನ ಕಾಲ ಕೆಳಗೆ ನೆಲಮಾಳಿಗೆಯೊಂದರ ಕಬ್ಬಿಣದ ಜಾಲರಿ ಕಾಣುತ್ತದೆ. ಅವನು ಸೆರೆಯಿದ್ದ ಜಾಗ ಅದೇ ಎಂದು ನೋಡುವವರು ತಿಳಿಯಲಿ ಎಂಬುದು ಚಿತ್ರಕಾರನ ಇರಾದೆ. ಅಂಗಳ, ಮೊಗಸಾಲೆ, ಬಜಾರಿನ ಅಕ್ಕಿಯ ಲೆಕ್ಕ ಇವು ಚಿತ್ರಕ್ಕೆ ಒಗ್ಗುವುದಿಲ್ಲವಲ್ಲ!

ಈಗ ಪ್ರವಾಸಿಗರಿಗೆ ತೋರಿಸುವುದೂ ನೆಲಮಾಳಿಗೆಗಳನ್ನೇ. ಒಂದು, 1895ರಲ್ಲಿ ಥಾಮಸ್ ಇನ್ಮನ್ ಎಂಬವನು ಪತ್ತೆಹಚ್ಚಿದ್ದು, ಅವನ ಹೆಸರಿನಲ್ಲೇ ಇದೆ. ಇನ್ನೊಂದು ರಂಗನಾಥನ ಗುಡಿಯಿಂದ ಸ್ವಲ್ಪ ದೂರದ, ಬೈಲಿಯ ಹೆಸರಿನದು. ಸುಮಾರು ಮೂವತ್ತು ಮೀಟರ್ ಉದ್ದದ ಗಾರೆಯ ಕಮಾನುಗಳ ಕೋಣೆ, ಗೋಡೆಯಿಂದ ಹೊರಚಾಚಿದ ತೂತಿನ ಕಲ್ಲುಗಳು, ಚಾವಣಿ ತೂತುಮಾಡಿಕೊಂಡು ಬಿದ್ದ ಒಂದು ಫಿರಂಗಿ. ತೂತುಗಳಿಗೆ ಕೈಗಳನ್ನು ಬಿಗಿದು, ಕಾವೇರಿಯ ನೀರನ್ನು ಕತ್ತಿನವರೆಗೆ ಬಿಡುತ್ತಿದ್ದರೆಂದು ಗೈಡುಗಳು ಹೇಳುತ್ತಾರೆ. ಲಿಂಡ್ಸೆಯ ಬರಹದಲ್ಲಾಗಲಿ ಬೇರ್ಡ್‌ನ ಜೀವನಚರಿತ್ರೆಯಲ್ಲಾಗಲಿ ಇಂಥದೊಂದು ನೀರಿನ ಮಾತು ಇಲ್ಲ. ಇಲ್ಲಿ ಸೆರೆಯಿದ್ದವರೆಂದು ಹೇಳುವ ಹೆಸರುಗಳ ಪಟ್ಟಿಯೊಂದು ಚಾಲ್ತಿಯಲ್ಲಿದೆ: ಬೈಲಿ, ಬ್ರೈತ್‌ವೇಟ್, ಬೇರ್ಡ್, ರಮ್ಲಿ, ಫ್ರೇಸರ್, ಸ್ಯಾಮ್ಸನ್, ಲಿಂಡ್ಸೆ. ಎಲ್ಲರೂ ಅಧಿಕಾರಿಗಳೇ.